ಮಾರ್ಚ್ 31ಕ್ಕೆ ಓಡುವ ಮುಂಚೆ ಏಪ್ರಿಲ್ 5 ನೋಡಿ: ಪಿಪಿಎಫ್, ಸುಕನ್ಯಾ ಖಾತೆಗೆ ಹಣ ಹಾಕುವ ಲೆಕ್ಕ

ಮಾರ್ಚ್ ಕೊನೆಯ ವಾರ ಬಂತೆಂದರೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಒಂದೇ ಪ್ರಶ್ನೆ. "ನಿಮ್ದು ಪಿಪಿಎಫ್ ಆಯ್ತಾ?" ಪಿಪಿಎಫ್ ಅಂದರೆ ಪಬ್ಲಿಕ್ ಪ್ರಾವಿಡೆಂಟ್ ಫಂಡ್, ಹದಿನೈದು ವರ್ಷದ ಸರ್ಕಾರಿ ಉಳಿತಾಯ ಖಾತೆ. ಅದಕ್ಕೆ ಈ ವರ್ಷದ ಹಣ ಹಾಕಿ ಆಯ್ತಾ ಅಂತ. ಲಿಫ್ಟಿನಲ್ಲಿ ಅದೇ, ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲೂ ಅದೇ. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ಅದು ಗೊತ್ತಿರುವ ಕನ್ನಡದವರೆಲ್ಲ ರಾತ್ರಿ ಊಟ ಮುಗಿಸಿ ಪಾಸ್‌ಬುಕ್ ಹಿಡಿದು ನಮ್ಮ ಮನೆಗೇ ಬರುತ್ತಾರೆ.

ಹೋದ ಸಲ ಮಾರ್ಚ್ 27ರ ರಾತ್ರಿ ಎದುರು ಮನೆಯಾಕೆ ಬಂದಳು. ವಿಜಯಪುರದ ಕಡೆಯವಳು. ಗಂಡ ಹೆಂಡತಿ ಸೇರಿ ಸ್ಟೇಷನ್ ಹತ್ತಿರ ಸಣ್ಣದೊಂದು ಖಾನಾವಳಿ ನಡೆಸುತ್ತಾರೆ. ಒಂದು ಕೈಯಲ್ಲಿ ಎರಡು ಪಾಸ್‌ಬುಕ್, ಇನ್ನೊಂದರಲ್ಲಿ ಶೇಂಗಾ ಚಟ್ನಿ ಡಬ್ಬಿ.

"ಅಕ್ಕಾರ, ಎಂಬತ್ತು ಸಾವಿರ ಕೂಡಿ ಬಿದ್ದೈತ್ರಿ. ಮಾರ್ಚ್‌ನ್ಯಾಗ ಹಾಕ್ಲೋ, ಏಪ್ರಿಲ್‌ನ್ಯಾಗ ಹಾಕ್ಲೋ?"

ಒಳ್ಳೆಯ ಪ್ರಶ್ನೆ. ಇದನ್ನು ಕೇಳದೆಯೇ ಓಡುವವರೇ ಜಾಸ್ತಿ. ಮಾರ್ಚ್ 31 ಅನ್ನುವುದು ತೆರಿಗೆ ಇಲಾಖೆಯ ತಾರೀಕು. ಬಡ್ಡಿ ಕೊಡುವ ಖಾತೆಗೆ ಅದರ ಹಂಗಿಲ್ಲ, ಅದು ನೋಡುವುದು ತಿಂಗಳ 5ನೇ ತಾರೀಕನ್ನು. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಯಾವಾಗ ಹಾಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮಾರ್ಚ್ 6ರಿಂದ ಏಪ್ರಿಲ್ 5ರವರೆಗೆ ಬಡ್ಡಿ ಒಂದೇ

ಪಿಪಿಎಫ್‌ನಲ್ಲಿ ಪ್ರತಿ ತಿಂಗಳ ಬಡ್ಡಿಯನ್ನು 5ನೇ ತಾರೀಕು ಮುಗಿದ ಮೇಲಿಂದ ತಿಂಗಳ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತದ ಮೇಲೆ ಹಾಕುತ್ತಾರೆ. 5ರೊಳಗೆ ಹಣ ಬಿದ್ದರೆ ಆ ತಿಂಗಳ ಬಡ್ಡಿ ಉಂಟು. 6ಕ್ಕೆ ಬಿದ್ದರೆ ಆ ತಿಂಗಳದ್ದು ಹೋಯಿತು, ಮುಂದಿನ ತಿಂಗಳಿಂದ ಶುರು. ಹೀಗೆ ಹನ್ನೆರಡು ತಿಂಗಳ ಲೆಕ್ಕ ಕೂಡಿಸಿ ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ, ಖಾತೆಗೆ ಜಮಾ ಮಾಡುತ್ತಾರೆ. ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಖಾತೆಗೂ ಇದೇ 5ರ ನಿಯಮ.

ಇದರಿಂದ ಒಂದು ತಮಾಷೆಯ ಸಂಗತಿ ಹೊರಡುತ್ತದೆ. ಮಾರ್ಚ್ 6ಕ್ಕೆ ಹಾಕಿದರೂ, ಮಾರ್ಚ್ 31ಕ್ಕೆ ಹಾಕಿದರೂ, ಏಪ್ರಿಲ್ 5ಕ್ಕೆ ಹಾಕಿದರೂ ಆ ಹಣಕ್ಕೆ ಬಡ್ಡಿ ಶುರುವಾಗುವುದು ಏಪ್ರಿಲ್‌ನಿಂದಲೇ. ಈ ಮೂವತ್ತೊಂದು ದಿನಗಳಲ್ಲಿ ಯಾವತ್ತು ಹಾಕಿದರೂ ಒಂದು ಪೈಸೆ ಹೆಚ್ಚು ಕಡಿಮೆ ಇಲ್ಲ. ನಡುವೆ ಇರುವ ಗೆರೆ ಮಾರ್ಚ್ 31 ಮಾತ್ರ. ಗೆರೆಯ ಈಚೆ ಹಾಕಿದರೆ ಈ ವರ್ಷದ ಲೆಕ್ಕಕ್ಕೆ, ಆಚೆ ಹಾಕಿದರೆ ಮುಂದಿನ ವರ್ಷದ ಲೆಕ್ಕಕ್ಕೆ.

ಪಿಪಿಎಫ್ ಬಡ್ಡಿ ದರ 2020ರ ಏಪ್ರಿಲ್‌ನಲ್ಲಿ 7.1 ಪರ್ಸೆಂಟಿಗೆ ಇಳಿದು ವರ್ಷಗಟ್ಟಲೆ ಅಲ್ಲೇ ಕೂತಿದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆ, ಹಾಗಾಗಿ ಹಾಕುವ ದಿನ ಒಮ್ಮೆ ನೋಡಿಕೊಳ್ಳಿ. ನಾನು 7.1 ಹಿಡಿದೇ ಲೆಕ್ಕ ಹೇಳುತ್ತೇನೆ. ವರ್ಷದ ಮಿತಿ 1.5 ಲಕ್ಷ ಪೂರ್ತಿ ಹಾಕುವವರು ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ.

ಮೊದಲನೆಯವರು ಏಪ್ರಿಲ್ 5ರೊಳಗೆ ಒಂದೇ ಗಂಟು ಹಾಕುತ್ತಾರೆ. ಅವರಿಗೆ ಆ ವರ್ಷ ಆ ಹಣದ ಮೇಲೆ 10,650 ರೂಪಾಯಿ ಬಡ್ಡಿ. ಎರಡನೆಯವರು ತಿಂಗಳಿಗೆ 12,500ರಂತೆ ಪ್ರತಿ 5ರೊಳಗೆ ಕಟ್ಟುತ್ತಾರೆ. ಅವರಿಗೆ ಸುಮಾರು 5,769. ಮೂರನೆಯವರೂ ಅಷ್ಟೇ ಕಟ್ಟುತ್ತಾರೆ, ಆದರೆ 7ನೇ ತಾರೀಕಿಗೆ. ಅವರಿಗೆ 4,881. ನಾಲ್ಕನೆಯವರು ನಮ್ಮ ಬಿಲ್ಡಿಂಗ್‌ನವರು, ಮಾರ್ಚ್ 30ಕ್ಕೆ ಓಡುವವರು. ಅವರಿಗೆ ಆ ವರ್ಷ ಆ ಹಣದ ಮೇಲೆ ಸೊನ್ನೆ.

ಹದಿನೈದು ವರ್ಷ ಹೀಗೇ ನಡೆದರೆ ಮೊದಲನೆಯವರ ಹತ್ತಿರ ಸುಮಾರು 40.68 ಲಕ್ಷ, ನಾಲ್ಕನೆಯವರ ಹತ್ತಿರ ಸುಮಾರು 37.98 ಲಕ್ಷ. ಇಬ್ಬರೂ ಕೈಯಿಂದ ಕಟ್ಟಿದ್ದು 22.5 ಲಕ್ಷವೇ. 2.7 ಲಕ್ಷದ ವ್ಯತ್ಯಾಸ ಬಂದದ್ದು ತಾರೀಕಿನಿಂದ ಮಾತ್ರ.

ಪಾಸ್‌ಬುಕ್ ತೆರೆದು ಈ ವರ್ಷದ ಸಾಲು ಎಣಿಸಿ

ಮಾಡಬೇಕಾದ ಮೊದಲ ಕೆಲಸ ಇದು. ಏಪ್ರಿಲ್ 1ರಿಂದ ಇವತ್ತಿನವರೆಗೆ ಎಷ್ಟು ಹಾಕಿದ್ದೀರಿ? ನೆನಪಿನಿಂದ ಹೇಳಬೇಡಿ, ಎಂಟ್ರಿ ನೋಡಿ.

ಏನೂ ಹಾಕಿಲ್ಲ ಅಂದರೆ ಮಾರ್ಚ್ 31 ನಿಮಗೆ ನಿಜವಾಗಿಯೂ ಮುಖ್ಯ. ಪಿಪಿಎಫ್‌ಗೆ ವರ್ಷಕ್ಕೆ ಕನಿಷ್ಠ 500, ಸುಕನ್ಯಾಕ್ಕೆ ಕನಿಷ್ಠ 250 ಬೀಳಲೇಬೇಕು. ತಪ್ಪಿದರೆ ಖಾತೆ ನಿಂತ ಖಾತೆಯಾಗುತ್ತದೆ. ಅದನ್ನು ಮತ್ತೆ ಎಬ್ಬಿಸಲು ತಪ್ಪಿದ ಪ್ರತಿ ವರ್ಷಕ್ಕೆ ಆ ಕನಿಷ್ಠ ಮೊತ್ತ, ಮೇಲೆ 50 ರೂಪಾಯಿ ದಂಡ. ದಂಡ ಚಿಲ್ಲರೆ. ಆದರೆ ಪಿಪಿಎಫ್ ಖಾತೆ ನಿಂತಿದ್ದಾಗ ಅದರ ಮೇಲೆ ಸಾಲ ಸಿಗುವುದಿಲ್ಲ, ನಡುವೆ ಹಣ ತೆಗೆಯಲೂ ಬಿಡುವುದಿಲ್ಲ. ಮಗನ ಕಾಲೇಜು ಫೀಸಿಗೆ ಹಣ ಬೇಕಾದ ದಿನವೇ ಇದು ಬೆಳಕಿಗೆ ಬರುವುದು ವಾಡಿಕೆ.

ಮೇಲಿನ ಮಿತಿ 1.5 ಲಕ್ಷ. 2014ರ ಆಗಸ್ಟ್‌ನಿಂದ ಇದೇ ಇದೆ, ಅದಕ್ಕೂ ಮುಂಚೆ 1 ಲಕ್ಷ ಇತ್ತು. ಇದರಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಮಗುವಿನ ಹೆಸರಿನಲ್ಲಿ ನೀವು ಪಿಪಿಎಫ್ ತೆರೆದಿದ್ದರೆ ನಿಮ್ಮದೂ ಮಗುವಿನದೂ ಸೇರಿ 1.5 ಲಕ್ಷ. ಎರಡೆರಡು ಮಿತಿ ಅಲ್ಲ. ಹೆಚ್ಚಿಗೆ ಬಿದ್ದ ಹಣಕ್ಕೆ ಬಡ್ಡಿ ಕೊಡುವುದಿಲ್ಲ, ಹಾಗೇ ವಾಪಸ್ ಕೊಡುತ್ತಾರೆ. ಹೆಂಡತಿಯ ಖಾತೆ ಮಾತ್ರ ಬೇರೆಯೇ, ಅವಳ 1.5 ಲಕ್ಷ ಅವಳದು. ಸುಕನ್ಯಾ ಖಾತೆಯ 1.5 ಲಕ್ಷವೂ ಪಿಪಿಎಫ್ ಮಿತಿಯ ಹೊರಗೆ.

ಎದುರು ಮನೆಯಾಕೆಯ ಪಾಸ್‌ಬುಕ್ ತೆರೆದಾಗ ಕಂಡದ್ದು ಇದೇ. ಮಗಳ ಸುಕನ್ಯಾ ಖಾತೆಗೆ ಜೂನ್‌ನಲ್ಲಿ ಎರಡು ಸಾವಿರ ಬಿದ್ದಿತ್ತು. ಗಂಡನ ಪಿಪಿಎಫ್‌ನಲ್ಲಿ ಆ ವರ್ಷದ್ದು ಒಂದೂ ಸಾಲಿಲ್ಲ. "ಅಯ್ಯ, ದೀಪಾವಳಿಗೆ ಹಾಕೀನಿ ಅಂದಿದ್ರಲ್ಲ ಇವ್ರು" ಅಂದಳು. ಹಾಕಿದ್ದು ನಿಜವೇ, ಅದರ ಹಿಂದಿನ ದೀಪಾವಳಿಗೆ. ನಾನು ತಾರೀಕಿನ ಮೇಲೆ ಬೆರಳಿಟ್ಟು ತೋರಿಸಿದೆ. ಫೋನ್ ತೆಗೆದು ಅಲ್ಲೇ ನಿಂತು ಗಂಡನಿಗೆ ಹಚ್ಚಿದಳು. ಆಚೆ ಕಡೆಯಿಂದ ಏನು ಉತ್ತರ ಬಂತೋ, "ಹೂಂ, ನೀವು ಮನಿಗೆ ಬರ್ರಿ" ಅಂತಷ್ಟೇ ಹೇಳಿ ಇಟ್ಟಳು.

ಹಳೇ ಪದ್ಧತಿಯೋ ಹೊಸದೋ

ಎರಡನೇ ಕೆಲಸ, ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ಅಂತ ತಿಳಿದುಕೊಳ್ಳುವುದು. 2023-24ರಿಂದ ನೀವು ಬಾಯಿಬಿಟ್ಟು ಕೇಳದಿದ್ದರೆ ಹೊಸ ಪದ್ಧತಿಗೇ ಸೇರಿಸುತ್ತಾರೆ. ಹೊಸದರಲ್ಲಿ 80ಸಿ ಕಡಿತ, ಅಂದರೆ ಪಿಪಿಎಫ್‌ನಂಥ ಉಳಿತಾಯವನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯುವ ಅವಕಾಶ, ಇಲ್ಲವೇ ಇಲ್ಲ. ಅಂದಮೇಲೆ ತೆರಿಗೆ ಉಳಿಸಲಿಕ್ಕೆ ಅಂತ ಮಾರ್ಚ್ 31ಕ್ಕೆ ಕ್ಯೂ ನಿಲ್ಲುವುದು ಸುಮ್ನೆ ಕಾಲುನೋವು. ಹೊಸ ಪದ್ಧತಿಗೆ ಹೋದ ಎಷ್ಟೋ ಜನ ಹಳೇ ಅಭ್ಯಾಸಕ್ಕೆ ಇನ್ನೂ ಓಡುತ್ತಿದ್ದಾರೆ.

ಆದರೆ ಹೊಸ ಪದ್ಧತಿಯಲ್ಲೂ ಪಿಪಿಎಫ್ ಮತ್ತು ಸುಕನ್ಯಾ ಬಡ್ಡಿಗೆ ತೆರಿಗೆ ಇಲ್ಲ. ಕೊನೆಗೆ ಬರುವ ಮೊತ್ತಕ್ಕೂ ಇಲ್ಲ. 30 ಪರ್ಸೆಂಟ್ ಸ್ಲ್ಯಾಬ್‌ನವರಿಗೆ ಸೆಸ್ ಸೇರಿಸಿ ನೋಡಿದರೆ ತೆರಿಗೆ ಇಲ್ಲದ 7.1 ಅಂದರೆ 10.3 ಪರ್ಸೆಂಟ್ ಕೊಡುವ ಎಫ್‌ಡಿ ಇದ್ದಂತೆ. ಆದಾಯ ಕಡಿಮೆ ಇದ್ದು ತೆರಿಗೆಯೇ ಕಟ್ಟಬೇಕಿಲ್ಲದವರಿಗೆ ಈ ಲಾಭ ಸಿಗುವುದಿಲ್ಲ. ಅವರು ಬರೀ 7.1 ಅನ್ನು ಬೇರೆ ಕಡೆಯ ಬಡ್ಡಿಯ ಜೊತೆ ಇಟ್ಟು ನೋಡಿ, ಹದಿನೈದು ವರ್ಷ ಹಣ ಕಟ್ಟಿಡಬೇಕಾ ಅಂತ ಯೋಚಿಸಲಿ.

ಹಳೇ ಪದ್ಧತಿಯಲ್ಲಿ ಇರುವವರಿಗೆ ಮಾರ್ಚ್ 31 ಗಟ್ಟಿ ಗೆರೆ. ಆದರೂ ಓಡುವ ಮುಂಚೆ 80ಸಿಯಲ್ಲಿ ಜಾಗ ಎಷ್ಟು ಉಳಿದಿದೆ ನೋಡಿ. ಪ್ರಾವಿಡೆಂಟ್ ಫಂಡ್‌ಗೆ ಸಂಬಳದಿಂದ ಹೋಗುವುದು, ಎಲ್‌ಐಸಿ ಕಂತು, ಇಬ್ಬರು ಮಕ್ಕಳವರೆಗಿನ ಟ್ಯೂಷನ್ ಫೀ, ಮನೆ ಸಾಲದ ಅಸಲು, ಎಲ್ಲವೂ ಆ 1.5 ಲಕ್ಷದಲ್ಲೇ ಬರುತ್ತವೆ. ನಮ್ಮ ಆಫೀಸಿನಲ್ಲಿ ಅರ್ಧ ಜನರ 80ಸಿ ಪಿಎಫ್ ಮತ್ತು ಮನೆ ಸಾಲದಲ್ಲೇ ತುಂಬಿರುತ್ತದೆ. ಅವರು ಮಾರ್ಚ್‌ನಲ್ಲಿ ಪಿಪಿಎಫ್‌ಗೆ ಹಾಕಿದರೆ ಒಂದು ರೂಪಾಯಿ ತೆರಿಗೆಯೂ ಇಳಿಯುವುದಿಲ್ಲ. ಹೆಂಡತಿ, ಗಂಡ, ಮಕ್ಕಳ ಪಿಪಿಎಫ್‌ಗೆ ಹಾಕಿದ್ದನ್ನೂ ತೋರಿಸಬಹುದು. ಅಪ್ಪ ಅಮ್ಮನ ಖಾತೆಗೆ ಹಾಕಿದ್ದು ನಡೆಯುವುದಿಲ್ಲ.

ಆಫೀಸಿಗೆ ಉಳಿತಾಯದ ಪ್ರೂಫ್ ಕೊಡುವ ದಿನ ಜನವರಿ ಫೆಬ್ರವರಿಯಲ್ಲೇ ಮುಗಿದಿರುತ್ತದೆ. ಅದಕ್ಕೆ ಗಾಬರಿ ಬೇಡ. ಮಾರ್ಚ್ 31ರೊಳಗೆ ಹಣ ಬಿದ್ದಿದ್ದರೆ ರಿಟರ್ನ್ ಹಾಕುವಾಗ ನೀವೇ ತೋರಿಸಿ, ಸಂಬಳದಿಂದ ಜಾಸ್ತಿ ಕಡಿದ ತೆರಿಗೆ (ಟಿಡಿಎಸ್) ವಾಪಸ್ ತಗೊಳ್ಳಬಹುದು. ಆದರೆ ಹಳೇ ಪದ್ಧತಿ ಬೇಕು ಅನ್ನುವವರು ರಿಟರ್ನನ್ನು ಕೊನೆಯ ದಿನದೊಳಗೆ ಹಾಕಬೇಕು. ತಡವಾದರೆ ಹೊಸ ಪದ್ಧತಿಯೇ ಗತಿ.

ಇನ್ನೊಂದು ಮಾತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, 2025ರದ್ದು, ಜಾರಿ. ಅದರಲ್ಲಿ 80ಸಿ ಅನ್ನುವ ಹೆಸರು ಹೋಗಿ ಸೆಕ್ಷನ್ 123 ಬರುತ್ತದೆ. "ಅಸೆಸ್‌ಮೆಂಟ್ ಇಯರ್" ಅನ್ನುವ ತಲೆನೋವು ಹೋಗಿ ಬರೀ "ತೆರಿಗೆ ವರ್ಷ" ಉಳಿಯುತ್ತದೆ. ಏಪ್ರಿಲ್‌ನಿಂದ ಮಾರ್ಚ್ ಅನ್ನುವ ಕ್ರಮ ಮಾತ್ರ ಹಾಗೇ ಇದೆ.

ಹಾಗಾದರೆ ಯಾವತ್ತು ಹಾಕಬೇಕು

ಹಳೇ ಪದ್ಧತಿ, 80ಸಿಯಲ್ಲಿ ಜಾಗ ಇದೆ, ಕೈಯಲ್ಲಿ ಹಣ ಇದೆ: ಮಾರ್ಚ್ 25ರ ಆಸುಪಾಸಿಗೆ ಹಾಕಿಬಿಡಿ. 31ರವರೆಗೆ ಕಾಯುವುದರಿಂದ ಬರುವ ಲಾಭ ಏನೂ ಇಲ್ಲ.

ಈ ವರ್ಷದ ಮಿತಿ ಖಾಲಿ ಇದೆ, ಮುಂದಿನ ವರ್ಷಕ್ಕೂ ಪೂರ್ತಿ ಹಾಕುವಷ್ಟು ಹಣ ಇದೆ ಅನ್ನುವ ಪುಣ್ಯವಂತರು ಮಾರ್ಚ್ ಕೊನೆಗೆ 1.5 ಲಕ್ಷ, ಏಪ್ರಿಲ್ 5ರೊಳಗೆ ಇನ್ನೊಂದು 1.5 ಲಕ್ಷ ಹಾಕಬಹುದು. ಒಂದೇ ವಾರದಲ್ಲಿ 3 ಲಕ್ಷ, ಎಲ್ಲಕ್ಕೂ ಏಪ್ರಿಲ್‌ನಿಂದ ಬಡ್ಡಿ. ಫ್ಲ್ಯಾಟ್ ಮಾರಿದವರು, ರಿಟೈರ್ ಆದವರು ಇದನ್ನು ಮರೆಯಬಾರದು. ಮಾರ್ಚ್ 31 ದಾಟಿದರೆ ಆ ವರ್ಷದ ಮಿತಿ ಹೋದಂತೆ, ಮುಂದಕ್ಕೆ ಒಯ್ಯಲು ಬರುವುದಿಲ್ಲ.

ಹೊಸ ಪದ್ಧತಿ, ಇರುವುದು ಸ್ವಲ್ಪವೇ ಹಣ, ಮುಂದಿನ ವರ್ಷ 1.5 ಲಕ್ಷ ತುಂಬುವ ಲಕ್ಷಣ ಇಲ್ಲ: ಕನಿಷ್ಠ ಮೊತ್ತವನ್ನು ಮಾರ್ಚ್‌ನಲ್ಲಿ ಹಾಕಿ. ಉಳಿದದ್ದನ್ನು ಏಪ್ರಿಲ್ 4ರವರೆಗೆ ಕೈಯಲ್ಲಿಟ್ಟುಕೊಂಡರೂ ನಷ್ಟವಿಲ್ಲ. ಎದುರು ಮನೆಯಾಕೆಗೆ ನಾನು ಹೇಳಿದ್ದು ಇದೇ. ಅವಳಿಗೆ ಏಪ್ರಿಲ್ 1ಕ್ಕೆ ಗಾಳೆಯ (ಅಂಗಡಿ ಜಾಗದ) ಬಾಡಿಗೆ, ಗ್ಯಾಸ್ ಸಿಲಿಂಡರಿನವನ ಬಾಕಿ ಎಲ್ಲ ಕೊಡುವುದಿತ್ತು. ಗಂಡನ ಪಿಪಿಎಫ್‌ಗೆ ನಾಳೆಯೇ 500 ಹಾಕು, ಬಾಡಿಗೆ ಬಾಕಿ ಎಲ್ಲ ಕೊಟ್ಟ ಮೇಲೆ ಎಷ್ಟು ಉಳಿಯುತ್ತದೋ ಅದನ್ನು 4ರೊಳಗೆ ಹಾಕು ಅಂದೆ. ಹಾಕುವುದಾದರೆ ಮೊದಲು ಮಗಳ ಸುಕನ್ಯಾಕ್ಕೆ. ಅದರ ದರ 2024ರ ಜನವರಿಯಿಂದ 8.2. ಎಂಬತ್ತು ಸಾವಿರದ ಮೇಲೆ ಪಿಪಿಎಫ್‌ಗಿಂತ ವರ್ಷಕ್ಕೆ 880 ರೂಪಾಯಿ ಜಾಸ್ತಿ.

"ಆದ್ರ ಅಕ್ಕಾರ, ಅದು ಮದುವಿತನಾ ಸಿಗಂಗಿಲ್ಲಲ್ರಿ" ಅಂದಳು. ಸರಿಯಾದ ಮಾತೇ. ಸುಕನ್ಯಾ ಖಾತೆ ತೆರೆದು 21 ವರ್ಷಕ್ಕೆ ಮುಗಿಯುತ್ತದೆ. ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ಕ್ಲಾಸ್ ಪಾಸಾದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು, ಅಷ್ಟೇ. ಹೋಟೆಲ್ ನಡೆಸುವವರ ಕೈಯಲ್ಲಿ ನಗದು ಬೇಕೇ ಬೇಕು. ಕೊನೆಗೆ ಅವಳು ಹಾಕಿದ್ದು ನಲವತ್ತು ಸಾವಿರ.

ಇದೇ ಕಾರಣಕ್ಕೆ ಇನ್ನೊಂದು ಹೇಳುತ್ತೇನೆ. ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟುಕೊಂಡು, ಕೈಗಡ ತಂದು ಪಿಪಿಎಫ್ ತುಂಬಬೇಡಿ. ಕಾರ್ಡಿನವರು ತಿಂಗಳಿಗೆ ಮೂರು ಪರ್ಸೆಂಟಿಗೂ ಮೇಲೆ ಎಳೆಯುವಾಗ ವರ್ಷಕ್ಕೆ 7.1 ಗಳಿಸಿ ಏನು ಮಾಡುವುದು?

ಸ್ಲಿಪ್ಪಿನ ತಾರೀಕಲ್ಲ, ಎಂಟ್ರಿಯ ತಾರೀಕು

ಇದನ್ನು ನಾನು ದುಡ್ಡು ಕಳಕೊಂಡು ಕಲಿತೆ. 2019ರ ಮಾರ್ಚ್ 30, ಶನಿವಾರ. ಆಫೀಸಿನಿಂದ ಬರುವಾಗ ಬ್ಯಾಂಕಿನ ಡ್ರಾಪ್ ಬಾಕ್ಸಿನಲ್ಲಿ 60,000ದ ಚೆಕ್ ಹಾಕಿದೆ. ಚೆಕ್ ಇನ್ನೊಂದು ಬ್ಯಾಂಕಿನದು. ಸ್ಲಿಪ್ಪಿನ ಅರ್ಧ ಹರಿದು ಫೋಟೋ ತೆಗೆದಿಟ್ಟುಕೊಂಡೆ. ಲೆಕ್ಕದವಳಲ್ವಾ, ಭಾರೀ ಜಾಗ್ರತೆ! ಮಾರನೇ ದಿನ ಭಾನುವಾರ. ಸೋಮವಾರ ಏಪ್ರಿಲ್ 1, ಬ್ಯಾಂಕುಗಳ ವಾರ್ಷಿಕ ಲೆಕ್ಕ ಮುಗಿಸುವ ರಜೆ. ಏಪ್ರಿಲ್ 4ಕ್ಕೆ ಹೊಸ ವರ್ಷದ 1.5 ಲಕ್ಷವನ್ನು ಆನ್‌ಲೈನ್‌ನಲ್ಲಿ ಕಳಿಸಲು ಹೋದರೆ ಹೋಗುತ್ತಲೇ ಇಲ್ಲ, ಮಿತಿ ಮೀರಿದೆ ಅನ್ನುತ್ತದೆ. ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ನನ್ನ 60,000 ಏಪ್ರಿಲ್ 3ರ ತಾರೀಕಿನಲ್ಲಿ ಕೂತಿತ್ತು.

ಚೆಕ್ ಹಾಕಿದ ದಿನವಲ್ಲ, ಆ ಹಣ ಪಾಸಾಗಿ ಬಂದ ದಿನವೇ ಲೆಕ್ಕಕ್ಕೆ. ಹಿಂದಿನ ವರ್ಷದ 80ಸಿಯಲ್ಲಿ 60,000 ಕಡಿಮೆಯಾಯಿತು. 20ರ ಸ್ಲ್ಯಾಬ್‌ನಲ್ಲಿ ಸೆಸ್ ಸೇರಿ 12,480 ರೂಪಾಯಿ ತೆರಿಗೆ ಜಾಸ್ತಿ ಬಿತ್ತು. ಹೊಸ ವರ್ಷಕ್ಕೆ ಹಾಕಲು ಉಳಿದದ್ದು 90,000 ಮಾತ್ರ. ಬ್ಯಾಂಕಿನವರನ್ನು ದೂರಿ ಪ್ರಯೋಜನ ಇರಲಿಲ್ಲ. ಡಬ್ಬಿಯ ಮೇಲೆ ಚೆಕ್ ತೆಗೆಯುವ ಸಮಯ ಬರೆದೇ ಇತ್ತು. ನಾನು ಓದಿರಲಿಲ್ಲ.

ಅದಕ್ಕೇ ಚೆಕ್ಕಿನಲ್ಲೇ ಕೊಡುವವರು ಒಂದು ವಾರ ಮುಂಚೆ ಕೊಡಿ. ಪಿಪಿಎಫ್ ಇರುವ ಬ್ಯಾಂಕಿನಲ್ಲೇ ಉಳಿತಾಯ ಖಾತೆ ಇದ್ದರೆ ನೆಟ್ ಬ್ಯಾಂಕಿಂಗ್‌ನಿಂದ ಹಾಕುವುದು ಎಲ್ಲಕ್ಕಿಂತ ಸಲೀಸು, ಕೂಡಲೇ ಎಂಟ್ರಿ. ಬೇರೆ ಬ್ಯಾಂಕಿನಿಂದಾದರೆ ನೆಫ್ಟ್ ಮಾಡಿ. 2019ರ ಡಿಸೆಂಬರ್‌ನಿಂದ ಅದು ರಜೆ ದಿನವೂ, ರಾತ್ರಿಯೂ ನಡೆಯುತ್ತದೆ. ಆರ್‌ಟಿಜಿಎಸ್ ಇಲ್ಲಿ ಉಪಯೋಗಕ್ಕಿಲ್ಲ, ಅದು ಶುರುವಾಗುವುದೇ 2 ಲಕ್ಷದಿಂದ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಹೋಗದ ಹಾಗೆ ಎಷ್ಟೋ ಬ್ಯಾಂಕುಗಳು ತಡೆ ಇಟ್ಟಿರುತ್ತವೆ. ಹಾಗಾಗಿ ಪಿಪಿಎಫ್ ನಂಬರನ್ನು ಮಾರ್ಚ್ ನಡುವಿನಲ್ಲೇ ಸೇರಿಸಿಡಿ. ಸೇರಿಸಿ 500 ಕಳಿಸಿ ನೋಡಿ. ಸರಿಯಾದ ಖಾತೆಗೆ ಹೋಯಿತಾ ಗೊತ್ತಾಗುತ್ತದೆ, ವರ್ಷದ ಕನಿಷ್ಠವೂ ಮುಗಿಯುತ್ತದೆ. ಈಗ ವರ್ಷಕ್ಕೆ ಎಷ್ಟು ಸಲ ಬೇಕಾದರೂ ಹಾಕಬಹುದು, ಮೊತ್ತ 50ರ ಮಡಿಯಲ್ಲಿದ್ದರೆ ಸಾಕು.

ಕೌಂಟರಿಗೇ ಹೋಗುವವರು ಕ್ಯಾಲೆಂಡರ್ ನೋಡಿಕೊಳ್ಳಿ. ಈ ದಿನಗಳಲ್ಲಿ ಮುಂಬೈಯಲ್ಲಿ ರಜೆಗಳದ್ದೇ ಸಾಲು. ಗುಢಿ ಪಾಡ್ವಾ, ರಾಮನವಮಿ, ಮಹಾವೀರ ಜಯಂತಿ, ಗುಡ್ ಫ್ರೈಡೇ, ಕೆಲವು ವರ್ಷ ಈದ್ ಕೂಡ ಇಲ್ಲೇ ಬೀಳುತ್ತವೆ. 2026ರ ಏಪ್ರಿಲನ್ನೇ ತಗೊಳ್ಳಿ. 1ಕ್ಕೆ ಬ್ಯಾಂಕಿನ ಲೆಕ್ಕದ ರಜೆ, 3ಕ್ಕೆ ಗುಡ್ ಫ್ರೈಡೇ, 5ಕ್ಕೆ ಭಾನುವಾರ. 5ರೊಳಗೆ ಕೌಂಟರಿಗೆ ಉಳಿಯುವುದು 2 ಮತ್ತು 4, ಎರಡೇ ದಿನ. 2024ರಲ್ಲಿ ಮಾರ್ಚ್ 31 ಭಾನುವಾರ ಬಂದಾಗ, 2025ರಲ್ಲಿ ಅದೇ ದಿನ ಈದ್ ಬಂದಾಗ, ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕುಗಳನ್ನು ತೆರೆದಿಡಲು ರಿಸರ್ವ್ ಬ್ಯಾಂಕ್ ಹೇಳಿತ್ತು. ಪ್ರತಿ ಸಲ ಹಾಗೇ ಆಗುತ್ತದೆ ಅಂತ ನಂಬಿ ಕೂರಬೇಡಿ.

ಹೊಸ ಖಾತೆ ತೆರೆಯುವವರಿಗೆ ಮಾರ್ಚ್ ಒಳ್ಳೆಯದು

ಇಷ್ಟು ಹೊತ್ತು ಮಾರ್ಚನ್ನು ಬೈದೆ. ಒಂದು ಕೆಲಸಕ್ಕೆ ಮಾತ್ರ ಮಾರ್ಚೇ ಸರಿ. ಪಿಪಿಎಫ್‌ನ 15 ವರ್ಷ ಎಣಿಸುವುದು ಖಾತೆ ತೆರೆದ ದಿನದಿಂದ ಅಲ್ಲ, ತೆರೆದ ಹಣಕಾಸು ವರ್ಷದ ಕೊನೆಯಿಂದ. 2025ರ ಮಾರ್ಚ್ 28ಕ್ಕೆ ತೆರೆದ ಖಾತೆ 2040ರ ಏಪ್ರಿಲ್ 1ಕ್ಕೆ ಕೈಗೆ ಸಿಗುತ್ತದೆ. ಅದನ್ನೇ ಐದು ದಿನ ತಡ ಮಾಡಿ 2025ರ ಏಪ್ರಿಲ್ 2ಕ್ಕೆ ತೆರೆದಿದ್ದರೆ 2041ರ ಏಪ್ರಿಲ್ 1. ಐದು ದಿನಕ್ಕೆ ಒಂದು ವರ್ಷ! ಸಾಲ, ನಡುವೆ ಹಣ ತೆಗೆಯುವುದು, ಇವೆಲ್ಲವೂ ಇದೇ ಎಣಿಕೆಯ ಮೇಲೆ ನಡೆಯುವುದರಿಂದ ಅವೂ ಒಂದು ವರ್ಷ ಮುಂಚೆ ಸಿಗುತ್ತವೆ. ಮಗ ಕೆಲಸಕ್ಕೆ ಸೇರಿದ್ದಾನೆ, ಖಾತೆ ತೆರೆಸಬೇಕು ಅಂತಿದ್ದರೆ ಮಾರ್ಚ್ 20ರೊಳಗೆ 500 ಹಾಕಿ ತೆರೆಸಿಬಿಡಿ. ಆಧಾರ್, ಪಾನ್ ಬೇಕು. ಒಬ್ಬರಿಗೆ ಒಂದೇ ಖಾತೆ, ಪೋಸ್ಟ್ ಆಫೀಸಿನಲ್ಲೊಂದು ಬ್ಯಾಂಕಿನಲ್ಲೊಂದು ಅಂತ ಇಟ್ಟುಕೊಳ್ಳುವ ಹಾಗಿಲ್ಲ.

ಸುಕನ್ಯಾಕ್ಕೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ತೆರೆದ ದಿನದಿಂದಲೇ ಎಣಿಕೆ. ಮಗಳಿಗೆ ಹತ್ತು ತುಂಬುವುದರೊಳಗೆ ತೆರೆಯಬೇಕು. ತೆರೆಯುವವರು ಅಪ್ಪ, ಅಮ್ಮ ಅಥವಾ ಕಾನೂನಿನ ಪ್ರಕಾರ ಪೋಷಕರಾದವರು. ಊರಿನಲ್ಲಿ ಅಜ್ಜ ಅಜ್ಜಿ ಪ್ರೀತಿಯಿಂದ ತೆರೆದಿಟ್ಟ ಖಾತೆಗಳಿದ್ದರೆ ಅವನ್ನು ಅಪ್ಪ ಅಮ್ಮನ ಹೆಸರಿಗೆ ಮಾಡಿಸಬೇಕು ಅಂತ 2024ರಲ್ಲಿ ಸರ್ಕಾರ ಹೇಳಿದೆ. ಹಣ ಅಜ್ಜಿಯೇ ಕೊಡಲಿ, ಬೇಡ ಅನ್ನುವವರಿಲ್ಲ.

ಊರಿನ ಖಾತೆ, ಹಳೇ ಖಾತೆ

ನಮ್ಮಲ್ಲಿ ಬಹಳ ಜನರ ಪಿಪಿಎಫ್ ಇನ್ನೂ ಊರಿನಲ್ಲೇ ಇದೆ. ಕುಂದಾಪುರದಲ್ಲಿ, ಹುಬ್ಬಳ್ಳಿಯಲ್ಲಿ, ಅಪ್ಪ ತೆರೆಸಿಕೊಟ್ಟದ್ದು. ಆನ್‌ಲೈನ್‌ನಲ್ಲಿ ಹಣ ಹಾಕಲು ಬರುವುದಾದರೆ ಅದನ್ನು ಮುಂಬೈಗೆ ತರುವ ಅವಸರ ಏನೂ ಇಲ್ಲ. ಪೋಸ್ಟ್ ಆಫೀಸಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಬ್ಯಾಂಕಿಗೆ ತರಬಹುದು, ಹಳೇ ಖಾತೆಯ ವರ್ಷಗಳೂ ಜೊತೆಗೇ ಬರುತ್ತವೆ. ಆದರೆ ಆ ಕೆಲಸವನ್ನು ಮಾರ್ಚ್‌ನಲ್ಲಿ ಶುರು ಮಾಡಬೇಡಿ. ಕಾಗದ ಅತ್ತ ಇತ್ತ ಓಡಾಡುವ ಹೊತ್ತಿನಲ್ಲಿ ಯಾವ ಖಾತೆಗೆ ಹಣ ಹಾಕಬೇಕು ಅನ್ನುವುದೇ ಗೊಂದಲವಾಗುತ್ತದೆ. ಮೊದಲು ಈ ವರ್ಷದ್ದು ಹಾಕಿ, ಏಪ್ರಿಲ್‌ನದ್ದೂ ಹಾಕಿ, ಆಮೇಲೆ ಅರ್ಜಿ ಕೊಡಿ.

15 ವರ್ಷ ಮುಗಿದ ಖಾತೆ ಇರುವವರು ಇದನ್ನು ಎರಡು ಸಲ ಓದಿ. ಮುಗಿದ ಮೇಲೂ ಐದೈದು ವರ್ಷ ಮುಂದುವರಿಸಬಹುದು. ಆದರೆ ಹಣ ಹಾಕುತ್ತಾ ಮುಂದುವರಿಸಬೇಕಾದರೆ ಮುಗಿದ ಒಂದು ವರ್ಷದೊಳಗೆ ಫಾರ್ಮ್ 4 ಕೊಡಬೇಕು. ಕೊಡದಿದ್ದರೆ ಹಣ ಹಾಕದೆ ಮುಂದುವರಿದ ಖಾತೆ ಅಂತ ಲೆಕ್ಕ. ಇದ್ದ ಹಣಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ. ಹೊಸದಾಗಿ ಹಾಕಿದ್ದಕ್ಕೆ ಬಡ್ಡಿಯೂ ಇಲ್ಲ, 80ಸಿಯೂ ಇಲ್ಲ. ಮಾಟುಂಗಾದ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಮಾವ ಹೀಗೇ ಮಾಡಿಕೊಂಡಿದ್ದರು. ಪ್ರತಿ ಮಾರ್ಚ್ ತಪ್ಪದೆ ಹಣ ಹಾಕುತ್ತಿದ್ದರು, ಫಾರ್ಮ್ ಮಾತ್ರ ಕೊಟ್ಟಿರಲಿಲ್ಲ.

ತಿಂಗಳು ತಿಂಗಳು ಕಟ್ಟುವವರು

ಒಟ್ಟಿಗೆ 1.5 ಲಕ್ಷ ಎಲ್ಲರ ಹತ್ತಿರ ಎಲ್ಲಿರುತ್ತದೆ? ಸಂಬಳ ತಿಂಗಳ ಕೊನೆಗೆ ಬರುವವರು ಬ್ಯಾಂಕಿಗೆ ತಿಂಗಳ 2ನೇ ತಾರೀಕಿಗೆ ತಾನಾಗಿ ಹಣ ಹೋಗುವ ಸೂಚನೆ ಕೊಟ್ಟಿಡಿ. 5ಕ್ಕೇ ಇಡಬೇಡಿ, ಅವತ್ತು ರಜೆ ಬಂದರೆ ಕಷ್ಟ. ಸಂಬಳ 7ಕ್ಕೆ ಬರುವವರು ಅವತ್ತೇ ಹಾಕಬೇಕೆಂದಿಲ್ಲ. 7ಕ್ಕೆ ಹಾಕಿದರೂ ಮುಂದಿನ ತಿಂಗಳ 4ಕ್ಕೆ ಹಾಕಿದರೂ ಬಡ್ಡಿ ಒಂದೇ. ಅಷ್ಟು ದಿನ ಉಳಿತಾಯ ಖಾತೆಯಲ್ಲೇ ಇರಲಿ, ಇದ್ದಕ್ಕಿದ್ದಂತೆ ಖರ್ಚು ಬಂದರೆ ಕೈಗಾಗುತ್ತದೆ. ಮಾರ್ಚ್ ಒಂದು ತಿಂಗಳು ಮಾತ್ರ, ಹಳೇ ಪದ್ಧತಿಯವರಾದರೆ, 31 ದಾಟಲು ಬಿಡಬೇಡಿ.

ಹಣ ತೆಗೆಯುವಾಗಲೂ ಇದೇ 5 ನೆನಪಿರಲಿ. ತಿಂಗಳ 25ಕ್ಕೆ ತೆಗೆದರೆ ತೆಗೆದ ಮೊತ್ತಕ್ಕೆ ಆ ಇಡೀ ತಿಂಗಳ ಬಡ್ಡಿ ಹೋಯಿತು. ಒಂದು ವಾರ ತಡೆದು ಮುಂದಿನ ತಿಂಗಳ 1ರಿಂದ 5ರೊಳಗೆ ತೆಗೆಯಿರಿ.

ಕೊನೆಯದಾಗಿ, ಏಪ್ರಿಲ್ 6ಕ್ಕೆ ಒಮ್ಮೆ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ ಅಥವಾ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಮೂರು ಸಾಲು ನೋಡಬೇಕು. ಮಾರ್ಚ್‌ನಲ್ಲಿ ಹಾಕಿದ್ದು 31ರೊಳಗಿನ ತಾರೀಕಿನಲ್ಲಿ ಇದೆಯಾ? 31ರ ಹೆಸರಿನಲ್ಲಿ ವರ್ಷದ ಬಡ್ಡಿ ಬಂದಿದೆಯಾ? ಏಪ್ರಿಲ್‌ನದ್ದು 5ರೊಳಗೆ ಕೂತಿದೆಯಾ? ಆ ಹಾಳೆಯನ್ನು ರಿಟರ್ನ್ ಹಾಕುವವರೆಗೆ ಫೋನಿನಲ್ಲೇ ಇಟ್ಟುಕೊಳ್ಳಿ. ಎದುರು ಮನೆಯಾಕೆ ಏಪ್ರಿಲ್ 4ರ ರಾತ್ರಿಯೇ ಬಂದು ಮಗಳ ಖಾತೆಯ ಮೆಸೇಜ್ ತೋರಿಸಿದಳು, ನಲವತ್ತು ಸಾವಿರ ಜಮಾ. ಗಂಡನ ಪಾಸ್‌ಬುಕ್ ಆ ದಿನದಿಂದ ಅವಳ ಹತ್ತಿರವೇ ಇದೆ, ಖಾನಾವಳಿಯ ಗಲ್ಲಾಪೆಟ್ಟಿಗೆಯ ಅಡಿಯಲ್ಲಿ.